ಎರಡು ತಿಂಗಳ ಗಣಿತ

ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಪಾಠ ಹೇಳುತ್ತಿದ್ದ ನನಗೆ ಜಂಬ ಬಹಳ. ಬೀಜಗಣಿತಕ್ಕೆ ಮೊದಲು ಕಲಿಯಬೇಕಾದ್ದೆಲ್ಲ ಇರುವ ದಪ್ಪ ಪುಸ್ತಕವೊಂದನ್ನು ಠಾಣೆ ಪೇಟೆಯ ಅಂಗಡಿಯಲ್ಲಿ ಕೊಂಡೆ. ಉಡುಪಿಯ ಅಕ್ಕನ ಮಗ ಅದನ್ನು ವರ್ಷವಿಡೀ ಓದಿದ್ದನಂತೆ. ಎರಡೇ ತಿಂಗಳಲ್ಲಿ ಮುಗಿಸಿ ಅಕ್ಕನ ಬಾಯಿ ಮುಚ್ಚಿಸಬೇಕೆಂದು ಮಗಳ ಜೊತೆ ವಾಪಸಾಗುವಾಗ ಲೋಕಲ್ ಟ್ರೇನಿನಲ್ಲೇ ವೇಳಾಪಟ್ಟಿ ಬರೆಯತೊಡಗಿದೆ.

"ಭಿನ್ನರಾಶಿ ನಿಂಗೆ ಬರ್ತದಲ್ಲ, ಬಿಡುವ" ಎಂದೆ.

"ನಹೀ ಆತಾ, ಬರೂದಿಲ್ಲ" ಎಂದಳು ಮಗಳು.

ಕೇಳಿಸದವಳಂತೆ ಆ ಪಾಠವನ್ನು ಹೊಡೆದುಹಾಕಿದೆ. ತಲೆಯೆತ್ತಿದರೆ ನಮ್ಮ ಠಾಕುರ್ಲಿ ಸ್ಟೇಷನ್ ಕಿಟಕಿಯಾಚೆ ಓಡಿಹೋಗುತ್ತಿತ್ತು. ಜಂಬದ ಭರದಲ್ಲಿ ಅಲ್ಲಿ ನಿಲ್ಲದ ಫಾಸ್ಟ್ ಹತ್ತಿದ್ದೆ. ಕಲ್ಯಾಣದಲ್ಲಿ ಇಳಿದು, ಟ್ರೇನಿಗೆ ಬಾಯಿತುಂಬ ಬೈದು, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಹಿಡಿದು ಹಿಂದಕ್ಕೆ ಹೊರಟೆವು.

ಮಗಳು ವೇಳಾಪಟ್ಟಿಯನ್ನು ನನ್ನ ಮಡಿಲಲ್ಲಿಟ್ಟು ಕೇಳಿದಳು: "ಮಮ್ಮಿ, ಇದು ಭಿನ್ನರಾಶಿಯಲ್ಲೂ ನಿಲ್ತದಲ್ಲ?"