ಅರಮನೆಯ ದಾಸವಾಳದ ಕಡ್ಡಿ

ಪಂಕಜಾಕ್ಷಿ ಕಮಲಮ್ಮನನ್ನು ಮೊದಲು ಕಂಡದ್ದು ಹಾನುಬಾಳಿನ ಆಚೆಯ ಎಸ್ಟೇಟಿನ ಗೇಟಿನಲ್ಲಿ, ತಾನು ತೋಟದ ಲೆಕ್ಕ ಬರೆಯುವ ರೈಟರ್ ಮೃತ್ಯುಂಜಯನ ಹೆಂಡತಿಯಾಗಿ ಬಂದ ಮೂರನೆಯ ದಿನ. ಹಣ್ಣು ಕೊಯ್ಲಿನ ಕಾಲ. ಸಂಜೆ ಕೆಲಸ ಬಿಟ್ಟ ಆಳುಗಳು ಸಾಲಾಗಿ ನಿಂತು ಚೀಲ ಬಿಚ್ಚಿ ತೋರಿಸಬೇಕಿತ್ತು. ಕಾಫಿ ಹಣ್ಣು ಹೊರಗೆ ಹೋಗದಂತೆ ರೈಟರು ನೋಡುತ್ತಿದ್ದರು. ಕಮಲಮ್ಮನ ಸರದಿ ಬಂದಾಗ ಅವರು ತಲೆ ಎತ್ತದೆಯೇ, “ನಿಂದೇನು ನೋಡದು, ಹೋಗಮ್ಮ” ಎಂದರು.

ಅವಳು ಹೋಗಲಿಲ್ಲ. ಬುತ್ತಿ ಡಬ್ಬಿ, ಎಲೆಅಡಿಕೆ ಸಂಚಿ, ಮಡಚಿದ ಟವಲು, ಒಂದೊಂದಾಗಿ ಕಲ್ಲಿನ ಮೇಲಿಟ್ಟಳು.

“ನೋಡ್ಬುಡಿ ರೈಟ್ರೆ. ನಾಳೆ ಯಾರೂ ಒಂದು ಮಾತು ಅನ್ನಂಗಿರಬಾರ್ದು.”

“ಇವಳ್ದು ದಿನಾ ಇದೇ ಕತೆ. ನಾವು ಒಲೆ ಹಚ್ಚೋದು ಯಾವಾಗ?” ಎಂದು ಹಿಂದಿನವಳು ಗೊಣಗಿದಳು.

ಮೂವತ್ತೆಂಟು ವರ್ಷ ಅವಳು ಹಾಗೆಯೇ ಚೀಲ ಬಿಚ್ಚಿದಳು. ಗಂಡ ಸಿದ್ದಯ್ಯ ನೆರಳಿನ ಮರ ಸವರುವಾಗ ಬಿದ್ದು ಸತ್ತ ಮೇಲೂ, ಮಗಳನ್ನು ಒಬ್ಬಳೇ ಸಾಕುವಾಗಲೂ ಬಿಚ್ಚಿದಳು. ಮೃತ್ಯುಂಜಯ ತೀರಿಕೊಂಡು ಪಂಕಜಾಕ್ಷಿ ಊರೊಳಗೆ ಪುಟ್ಟ ಮನೆಗೆ ಬಂದಾಗ, ದಿನ ಬಿಟ್ಟು ದಿನ ಬಂದು ಜಗಲಿಯಲ್ಲಿ ಕೂರುತ್ತಿದ್ದವಳು ಇವಳೊಬ್ಬಳೇ. ಹೊರಡುವಾಗ ಅಲ್ಲೂ ಚೀಲ ಬಿಚ್ಚಿ ತೋರಿಸುತ್ತಿದ್ದಳು. ಹೆಂಗಸರ ಸಂಘದವರು ಮದುವೆಗೆ ಕೊಡುವ ಪಾತ್ರೆಗಳ ಕೋಣೆಯ ಬೀಗದ ಕೈಯನ್ನು ಅವಳಿಗೇ ಕೊಟ್ಟಿದ್ದರು. ಒಂಬತ್ತು ವರ್ಷದಲ್ಲಿ ಒಂದು ಸೌಟು ಕಳೆದಿರಲಿಲ್ಲ. ಆ ಕೀಲಿಯನ್ನು ಅವಳು ತಾಳಿ ಇರಬೇಕಾದ ಕಡೆ, ಕರಿದಾರದಲ್ಲಿ ಕಟ್ಟಿಕೊಂಡಿದ್ದಳು.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮರುವರ್ಷ ಸಂಘದ ಏಳು ಜನ ಬೆಂಗಳೂರಿಗೆ ಹೊರಟರು. ಹಿಂದೆ ಅರಸರಿದ್ದ ಒಂದು ಅರಮನೆ ಈಗ ಮ್ಯೂಸಿಯಂ ಆಗಿದೆ, ನೋಡಿಬರೋಣ ಎಂದು ಕರೆದೊಯ್ದವಳು ಸಂಘದ ಅಧ್ಯಕ್ಷೆ ಸುಲೋಚನಮ್ಮ.

ಒಳಗೆ ಆನೆಯ ಕಾಲಿನಿಂದ ಮಾಡಿದ ಒಂದು ಪೀಠವಿತ್ತು. ಕಮಲಮ್ಮ ಬಹಳ ಹೊತ್ತು ಅದರ ಮುಂದೆ ನಿಂತಳು.

“ರೈಟ್ರಮ್ಮ, ನಮ್ಮ ತೋಟ ತುಳೀತಾವಲ್ಲ, ಅವನ್ನ ಒಂದ್ಸಲ ಇಲ್ಲಿಗೆ ಕರ್ಕೊಂಬಂದು ಇದನ್ನ ತೋರಿಸ್ಬೇಕು.”

“ಬಸ್ಸಲ್ಲಿ ಕರ್ಕೊಂಬರ್ತೀಯಾ?”

“ಹೆಣ್ಣಾನೆ ಆದ್ರೆ ಟಿಕೀಟಿಲ್ಲ ಬುಡಿ.”

ಪಂಕಜಾಕ್ಷಿ ನಗುತ್ತಲೇ ಒಳಾಂಗಣಕ್ಕೆ ಬಂದಳು. ಅಲ್ಲಿ ಕುಂಡದಲ್ಲಿ ಒಂದು ದಾಸವಾಳವಿತ್ತು. ಬಿಳಿಯ ಹೂವು, ಎಸಳಿನ ಬುಡ ಮಾತ್ರ ಕುಂಕುಮದ ಕೆಂಪು. ಅಂಥದ್ದನ್ನು ಅವಳು ನೋಡಿರಲಿಲ್ಲ. ಅವಳ ಕಡೆಯ ಹೆಂಗಸರು ಯಾರ ಮನೆಗೆ ಹೋದರೂ ಹೂವಿನ ಗಿಡದ ಕಡ್ಡಿಯೊಂದನ್ನು ತರದೆ ಬರುವುದಿಲ್ಲ. ಹೇಳದೆ ಮುರಿದು ತಂದದ್ದು ಬೇಗ ಬೇರುಬಿಟ್ಟು ಹತ್ತುತ್ತದೆಂದು ನಂಬಿಕೆ ಬೇರೆ. ಕಮಲಮ್ಮ ಚೀಲವನ್ನು ಇವಳ ಕೈಗೆ ಕೊಟ್ಟು ನೀರು ಕುಡಿಯಲು ಹೋಗಿದ್ದಳು. ಪಂಕಜಾಕ್ಷಿ ಗೇಣುದ್ದದ ಕಡ್ಡಿ ಮುರಿದು ಆ ಚೀಲದ ಟವಲಿನ ಮಡಿಕೆಯಲ್ಲಿಟ್ಟಳು.

ನನ್ನ ಚೀಲ ಚಿಕ್ಕದು, ಅದಕ್ಕೇ ಅವಳದರಲ್ಲಿ ಇಟ್ಟೆ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ತನ್ನ ಚೀಲದಲ್ಲಿ ಎರಡು ಸೀರೆ ಹಿಡಿಸುವಷ್ಟು ಜಾಗವಿತ್ತು.

ಹೊರಬಾಗಿಲಲ್ಲಿ ಯಾರೂ ಚೀಲ ನೋಡುತ್ತಿರಲಿಲ್ಲ. ಆರು ಜನ ನಡೆದು ದಾಟಿದರು. ಕಮಲಮ್ಮ ಮಾತ್ರ ನಿಂತಳು. ಅವಳು ನಿಲ್ಲುವವಳೆಂಬುದು ಕಡ್ಡಿ ಇಡುವಾಗ ರೈಟರ ಹೆಂಡತಿಗೆ ಮರೆತೇಹೋಗಿತ್ತು.

“ನೋಡ್ಬುಡಿ ಸಾಮಿ.”

“ಅಜ್ಜಿ, ಇಲ್ಲಿ ಅದೆಲ್ಲ ಇಲ್ಲ, ನಡೀರಿ” ಎಂದು ಕಾವಲಿನವನು ನಕ್ಕ. ಅಷ್ಟರಲ್ಲಿ ಡಬ್ಬಿ, ಸಂಚಿ, ಟವಲು ಮೇಜಿನ ಮೇಲೆ ಬಂದಿದ್ದವು. ಟವಲು ಬಿಚ್ಚಿಕೊಂಡಿತು.

ಅವನ ನಗು ನಿಂತಿತು. “ಗಿಡ ಮುರಿದಿದೀರಾ? ಬೋರ್ಡು ಹಾಕಿರೋದು ಯಾರಿಗೆ? ವಯಸ್ಸಾದೋರು ಮಾಡೋ ಕೆಲಸವಾ ಇದು?”

ಹಿಂದೆ ಬರುತ್ತಿದ್ದವರೆಲ್ಲ ಇಣುಕಿದರು. ಕಮಲಮ್ಮ ಕಡ್ಡಿಯನ್ನು ನೋಡಿದಳು. ಆಮೇಲೆ ತಲೆ ಎತ್ತಿ, ನಾಲ್ಕು ಹೆಜ್ಜೆ ಮುಂದಿದ್ದ ಪಂಕಜಾಕ್ಷಿಯನ್ನು ಒಂದು ಸಲ ನೋಡಿದಳು. ಪಂಕಜಾಕ್ಷಿ ಸೆರಗಿನ ತುದಿ ನೋಡುತ್ತಾ ನಿಂತಳು.

“ತಪ್ಪಾಯ್ತು ಸಾಮಿ” ಎಂದಳು ಕಮಲಮ್ಮ.

“ಎಲ್ಲಾ ಬಿಟ್ಟು ನೀನಾ?” ಎಂದಳು ಸುಲೋಚನಮ್ಮ. “ದಿನಾ ಚೀಲ ಬಿಚ್ಚಿ ತೋರಿಸ್ತಿದ್ದಿದ್ದು ಇದಕ್ಕೇ ಏನು?”

ಮುರಿದದ್ದು ಮತ್ತೆ ಅಂಟುವುದಿಲ್ಲ, ತೆಗೆದುಕೊಂಡು ಹೋಗು ಎಂದು ಕಾವಲಿನವನು ಕಡ್ಡಿಯನ್ನು ಅವಳತ್ತ ತಳ್ಳಿದ. ವಾಪಸು ಬಸ್ಸಿನಲ್ಲಿ ಅವಳು ಪಂಕಜಾಕ್ಷಿಯ ಪಕ್ಕದಲ್ಲೇ ಕುಳಿತಳು. ಟವಲಿನ ಅಂಚು ಹರಿದು, ಬಾಟಲಿಯ ನೀರಿನಲ್ಲಿ ನೆನೆಸಿ, ಕಡ್ಡಿಯ ಬುಡಕ್ಕೆ ಸುತ್ತಿ ಇವಳ ಮಡಿಲಿಗಿಟ್ಟಳು. “ಬಾಡ್ತದೆ” ಎಂದಳು.

ಮುಂದಿನ ಮಂಗಳವಾರ ಸಂಘದ ಸಭೆ. ಪಾತ್ರೆ ಕೋಣೆಯ ಕೀಲಿ ಬೇರೆಯವರ ಹತ್ತಿರ ಇರಲಿ ಎಂದಳು ಸುಲೋಚನಮ್ಮ. ಒಪ್ಪುವವರು ಕೈ ಎತ್ತಿ ಎಂದಾಗ ಎಲ್ಲರೂ ಎತ್ತಿದರು. ಪಂಕಜಾಕ್ಷಿಯೂ ಎತ್ತಿದಳು. ಎತ್ತದಿದ್ದರೆ ಯಾಕೆಂದು ಕೇಳುತ್ತಿದ್ದರು. ಕಮಲಮ್ಮ ಕರಿದಾರದ ಗಂಟು ಬಿಚ್ಚಲಾಗದೆ ಹಲ್ಲಿನಲ್ಲಿ ಕಚ್ಚಿ ಹರಿದು, ಕೀಲಿಯನ್ನು ಚಾಪೆಯ ಮೇಲಿಟ್ಟಳು.

ಕಡ್ಡಿಯನ್ನು ಪಂಕಜಾಕ್ಷಿ ಬಚ್ಚಲಿನ ಹಿಂದೆ ನೆಟ್ಟಳು, ಜಗಲಿಗೆ ಬಂದವರಿಗೆ ಕಾಣದಂತೆ. ಹದಿನೇಳನೆಯ ದಿನ ಚಿಗುರಿತು. ಎದೆಮಟ್ಟ ಬೆಳೆದು ಹೂ ಬಿಟ್ಟಿತು. ಒಂದು ಹೂವನ್ನೂ ದೇವರಿಗೆ ಏರಿಸಲಿಲ್ಲ, ಮುಡಿಯುವವರಿಗೂ ಕೊಡಲಿಲ್ಲ. ಅಲ್ಲೇ ಅರಳಿ ಅಲ್ಲೇ ಬಿದ್ದವು. ಕಮಲಮ್ಮ ಮೊದಲಿನಂತೆಯೇ ಜಗಲಿಗೆ ಬಂದು ಕಾಫಿ ಕುಡಿದು ಹೋಗುತ್ತಿದ್ದಳು. ಹೋಗುವಾಗ ಚೀಲ ಬಿಚ್ಚಿ ತೋರಿಸುವುದನ್ನು ಮಾತ್ರ ಬಿಟ್ಟುಬಿಟ್ಟಳು.

ಎರಡು ಮಳೆಗಾಲ ಕಳೆದು ಅವಳು ಹಾಸಿಗೆ ಹಿಡಿದಳು. ಮೇಲುಸಿರು ಬರುತ್ತಿತ್ತು. ಪಂಕಜಾಕ್ಷಿ ಅಂಬಲಿ ಕಾಸಿ ತಂದಳು. ಇವತ್ತು ಹೇಳಿಬಿಡಬೇಕು, ಮೊದಲು ಇವಳಿಗೆ, ನಾಳೆ ಸಂಘದಲ್ಲಿ ಎಲ್ಲರಿಗೂ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು.

“ಕಮಲಮ್ಮ, ಆವತ್ತು ಅರಮನೇಲಿ...” ಎಂದು ಶುರುಮಾಡಿದಳು.

ಕಮಲಮ್ಮ ಹೊದಿಕೆಯೊಳಗಿನಿಂದ ಕೈ ತೆಗೆದು ಇವಳ ಮೊಣಕೈ ಹಿಡಿದಳು.

“ರೈಟ್ರಮ್ಮ, ಆ ಕಡ್ಡಿ ಹತ್ತಿತಾ?”