ಗುರೆಳ್ಳು ಹಾಕಿದ ಸಂಡಿಗೆ

ಆಗೆಲ್ಲ ನಮ್ಮ ಓಣಿಯಲ್ಲಿ ಸಂಡಿಗೆ ಇಡುವುದಕ್ಕೆ ಯಾರೂ ಪಂಚಾಂಗ ನೋಡುತ್ತಿರಲಿಲ್ಲ, ಸಕ್ಕರೆ ಮಿಲ್ಲಿನ ಕಡೆ ನೋಡುತ್ತಿದ್ದರು. ನಮ್ಮೂರು ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯ ಬದಿಗಿತ್ತು. ಊರಾಚೆ ಕಬ್ಬಿನ ಗದ್ದೆ, ಅದರಾಚೆ ಮಿಲ್ಲಿನ ಚಿಮಣಿ. ದಸರೆಯಾದ ಮೇಲೆ ಕಬ್ಬು ಅರೆಯಲು ಶುರು ಮಾಡಿದ ಮಿಲ್ಲು ಶಿವರಾತ್ರಿಯ ಆಸುಪಾಸಿಗೆ ನಿಲ್ಲುತ್ತಿತ್ತು. ನಿಲ್ಲುವ ದಿನ ಅದರ ಸೈರನ್ನು ಉದ್ದಕ್ಕೆ ಕೂಗುತ್ತಿತ್ತು. ಅದನ್ನು ಕೇಳಿದ ಕೂಡಲೇ ಹೆಂಗಸರು ಮಾಳಿಗೆಯಿಂದ ಮಾಳಿಗೆಗೆ ಸುದ್ದಿ ದಾಟಿಸಿ, ಅಂದೇ ಅಕ್ಕಿ ನೆನೆ ಹಾಕುತ್ತಿದ್ದರು.

ಸಂಡಿಗೆಯ ದಿನ ನಮಗೆ ಹಬ್ಬ. ನಸುಕಿನಲ್ಲಿ ಅವ್ವ ದೊಡ್ಡ ಪಾತ್ರೆಯಲ್ಲಿ ಹಿಟ್ಟು ಕುದಿಸುತ್ತಿದ್ದಳು. ಇಂಗು, ಜೀರಿಗೆ, ಹಸಿಮೆಣಸಿನಕಾಯಿಯ ವಾಸನೆಗೆ ನಿದ್ದೆ ತಾನೇ ಓಡಿಹೋಗುತ್ತಿತ್ತು. ಮಾಳಿಗೆಯ ಮೇಲೆ ಅಜ್ಜನ ಹಳೆಯ ಧೋತರವನ್ನು ಒದ್ದೆ ಮಾಡಿ ಹಾಸಿ, ಅದರ ಮೇಲೆ ಚಮಚದಿಂದ ಸಾಲಾಗಿ ಹಿಟ್ಟು ಬಿಡುತ್ತಿದ್ದರು. ಕಾಗೆ ಕಾಯುವ ಕೆಲಸ ನನ್ನದು. ಕೈಯಲ್ಲೊಂದು ಕೋಲು, ತಲೆಯ ಮೇಲೊಂದು ಹರಕು ಕೊಡೆ. ಮಧ್ಯಾಹ್ನದ ಹೊತ್ತಿಗೆ ಮೇಲೆ ಒಣಗಿ ಒಳಗೆ ಹಸಿಯಿದ್ದ ಸಂಡಿಗೆಯ ರುಚಿ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಕಾಗೆಗಿಂತ ನಾನೇ ಜಾಸ್ತಿ ತಿಂದಿದ್ದೇನೆ ಎಂದು ಅಜ್ಜಿ ಬೈಯುತ್ತಿದ್ದಳು. ಬೈದು, ತಾನೂ ಒಂದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಅಕ್ಕನ ಮದುವೆ ಗೊತ್ತಾದ ವರ್ಷ ಮಿಲ್ಲು ದೊಡ್ಡದಾಯಿತು. ಹೊಸ ಯಂತ್ರ ಬಂತು, ಹೊಸ ಬಾಯ್ಲರ್ ಬಂತು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಕಂಪ್ಲಿ ರಸ್ತೆಯುದ್ದಕ್ಕೂ ಸಾಲು ನಿಂತವು. ಅಪ್ಪನಿಗೆ ಹಿಡಿಸಲಾರದಷ್ಟು ಖುಷಿ. ಹಿಂದಿನ ವರ್ಷಗಳಲ್ಲಿ ಕಡಿಯುವ ಸರದಿ ಬರುವಷ್ಟರಲ್ಲಿ ಕಬ್ಬು ಗದ್ದೆಯಲ್ಲೇ ಒಣಗುತ್ತಿತ್ತು, ಈಗ ಆ ಚಿಂತೆ ಇರಲಿಲ್ಲ. ಆದರೆ ಕಬ್ಬು ಹೆಚ್ಚಾದಂತೆ ಹಂಗಾಮೂ ಬೆಳೆಯಿತು. ಶಿವರಾತ್ರಿ ಹೋಯಿತು, ಕಾಮಣ್ಣನನ್ನು ಸುಟ್ಟಿದ್ದೂ ಆಯಿತು, ಸೈರನ್ನು ಮಾತ್ರ ಕೂಗಲಿಲ್ಲ.

ಅವ್ವ ದಿನಾ ಬೆಳಿಗ್ಗೆ ಚಿಮಣಿಯತ್ತ ಮುಖ ಮಾಡಿ ನಿಲ್ಲುತ್ತಿದ್ದಳು. ನಮ್ಮಲ್ಲಿ ಮದುವೆ ಊಟಕ್ಕೆ ಹೆಣ್ಣಿನ ಮನೆಯ ಸಂಡಿಗೆಯೇ ಆಗಬೇಕು. ಎಲೆಗೆ ಬಿದ್ದ ಸಂಡಿಗೆಯನ್ನು ಬೀಗರ ಹೆಂಗಸರು ಬೆಳಕಿಗೆ ಹಿಡಿದು ನೋಡುತ್ತಾರೆ. ಅದರ ಬಿಳುಪಿನ ಮೇಲೆ ಹೆಣ್ಣಿನ ತಾಯಿಯ ಕೈಗುಣ, ಮನೆಯ ಅಚ್ಚುಕಟ್ಟು ಎಲ್ಲಾ ತೀರ್ಮಾನವಾಗುತ್ತದೆ. ಅವ್ವನಿಗೆ ಅದು ಮಾನದ ಪ್ರಶ್ನೆ. ಇನ್ನು ಕಾಯಲಾಗದೆ ಒಂದು ದಿನ ಹಿಟ್ಟು ಕುದಿಸಿಯೇಬಿಟ್ಟಳು.

ಸಂಜೆ ನೋಡಿದರೆ ಧೋತರದ ತುಂಬ ಕರಿ ಚುಕ್ಕೆ. ಕಬ್ಬಿನ ಸಿಪ್ಪೆ ಉರಿದ ಬೂದಿ ಗಾಳಿಯಲ್ಲಿ ತೇಲಿ ಬಂದು ಹಸಿ ಸಂಡಿಗೆಗೆ ಅಂಟಿತ್ತು. ತೆಗೆಯಲು ಹೋದರೆ ಮಸಿಯಾಗಿ ಹರಡಿತು. ಮರುದಿನದ ಸಂಡಿಗೆಗೆ ಸೀರೆ ಮುಚ್ಚಿದರು, ಅದು ಒಣಗದೆ ಮುಗ್ಗು ಹಿಡಿಯಿತು. ನನ್ನ ಕೋಲಿಗೆ ಕಾಗೆ ಹೆದರುತ್ತಿತ್ತು, ಬೂದಿ ಎಲ್ಲಿ ಹೆದರೀತು? ಅವ್ವ ಮಾಳಿಗೆಯ ಮೂಲೆಯಲ್ಲಿ ಕೂತು ಅತ್ತಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ಅಳು ಬಂತು.

ಮಿಲ್ಲಿನವರಿಗೆ ಹೇಳಬಾರದೇ ಎಂದು ಅಜ್ಜಿ ಕೇಳಿದಳು. ಕಬ್ಬು ಕಡಿಯುವ ಸರದಿ ಕೊಡುವವರೇ ಅವರು. ಅಪ್ಪ ಹೌಹಾರಿದ.

“ಹಿಂಡೋ ಎಮ್ಮಿ ಒದ್ರೂ ತಡ್ಕೋಬೇಕವ್ವಾ,” ಎಂದ.

“ಒದಿತತಿ ಅಂತ ಎಮ್ಮಿ ಮಾರು ಅಂದೆನೇನು? ಒದಿಸ್ಕೊಂಡು ಕುಂದ್ರೂದೂ ಬ್ಯಾಡ. ಕಾಲು ಕಟ್ಟಿ ಹಿಂಡ್ತಾರಪಾ,” ಎಂದಳು ಅಜ್ಜಿ.

ಅಪ್ಪ ಎದ್ದು ಗದ್ದೆಗೆ ಹೋದ. ಉಪಾಯ ಹೊಳೆದಿದ್ದು ಅವ್ವನಿಗೇ. ಹಿಟ್ಟಿಗೆ ಏನಾದರೂ ಕರಿ ಕಾಳು ಹಾಕಿಬಿಟ್ಟರೆ ಬೂದಿ ಯಾವುದು, ಕಾಳು ಯಾವುದು ಎಂದು ಯಾರಿಗೆ ತಿಳಿಯುತ್ತದೆ? ಕರಿ ಎಳ್ಳು ಮದುವೆಗೆ ಆಗದು. ಚಟ್ನಿಪುಡಿಗೆಂದು ತಂದ ಗುರೆಳ್ಳು ಡಬ್ಬಿಯಲ್ಲಿತ್ತು. ಕಣ್ಣಿಗೆ ಕಾಣುವ ಬೂದಿಯನ್ನು ಆರಿಸುವಷ್ಟು ಆರಿಸಿ, ಉಳಿದಿದ್ದಕ್ಕೆ ಗುರೆಳ್ಳಿನ ಮರೆ ಕೊಟ್ಟು, ಬುಟ್ಟಿಗಟ್ಟಲೆ ಸಂಡಿಗೆ ಮಾಡಿದಳು. ಇದು ಹೊಸ ನಮೂನೆ ಎಂದು ಎಲ್ಲರಿಗೂ ಹೇಳಬೇಕೆಂದು ನನಗೂ ಅಕ್ಕನಿಗೂ ಪಾಠವಾಯಿತು. ಅಜ್ಜಿ ಮಾತ್ರ ಬಾಯಿ ಬಿಡಲಿಲ್ಲ. ಅವಳು ಸುಮ್ಮನಿದ್ದಾಗಲೇ ಭಯ.

ಗಂಡಿನವರು ಬುಕ್ಕಸಾಗರದವರು. ಮನೆಯ ಮುಂದಿನ ಹಂದರದಲ್ಲೇ ಮದುವೆ. ಕಬ್ಬು ಬೆಳೆಯುವವರ ಮನೆಯ ಮದುವೆಗೆ ಮಿಲ್ಲಿನ ಮ್ಯಾನೇಜರನ್ನು ಕರೆಯುವುದು ಆಗಿನ ರೂಢಿ. ಆ ವರ್ಷ ಬಂದಿದ್ದ ಹೊಸ ಮ್ಯಾನೇಜರ್ ಕನ್ನಡಕದ, ಮೆದು ಮಾತಿನ ಮನುಷ್ಯ. ಅವರನ್ನು ಬೀಗರ ಪಂಕ್ತಿಯಲ್ಲೇ ಕೂರಿಸಿದರು. ಅನ್ನ, ಸಾರು, ಹೋಳಿಗೆ, ಬದನೆಕಾಯಿ ಪಲ್ಯದ ಜೊತೆ ಅವ್ವನ ಸಂಡಿಗೆ ಬಂತು. ಅವರು ಅದನ್ನು ಮುರಿದು ತಿಂದು, ಭಾಳ ಚೆನ್ನಾಗಿದೆ ಎಂದು ಹೊಗಳಿದರು. ಇದರಲ್ಲಿರುವ ಕಪ್ಪು ಕಾಳು ಯಾವುದು ಎಂದು ಎದುರಿಗಿದ್ದ ಅಜ್ಜಿಯನ್ನೇ ಕೇಳಿದರು.

ತುಪ್ಪ ಬಡಿಸುತ್ತಿದ್ದ ಅವ್ವನ ಕೈ ಅಲ್ಲೇ ನಿಂತಿತು.

“ಅರ್ಧ ಗುರೆಳ್ಳು ಐತ್ರಿ, ಸಾಹೇಬ್ರ,” ಎಂದಳು ಅಜ್ಜಿ. “ಇನ್ನರ್ಧ ನಿಮ್ಮದು.”

ದನಿಯಲ್ಲಿ ಸಿಟ್ಟಿರಲಿಲ್ಲ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಎನ್ನುವಷ್ಟೇ ಸಲೀಸಾಗಿ ಹೇಳಿದಳು. ಮ್ಯಾನೇಜರಿಗೆ ಮೊದಲು ಅರ್ಥವಾಗಲಿಲ್ಲ. ಅಜ್ಜಿ ಚಿಮಣಿಯ ಕಡೆ ಕತ್ತು ತಿರುಗಿಸಿ ತೋರಿಸಿದ ಮೇಲೆ ಅವರ ಮುಖ ಕೆಂಪಾಯಿತು. ಅಪ್ಪನ ಮುಖ ಬಿಳುಚಿಕೊಂಡಿತು. ಇಡೀ ಪಂಕ್ತಿ ಊಟ ನಿಲ್ಲಿಸಿ ಕೂತಿತ್ತು. ಮದುವೆ ಮುರಿದೇ ಹೋಯಿತೆಂದು ನಾನು ಅಕ್ಕನನ್ನು ಹುಡುಕಿದೆ.

ಅಷ್ಟರಲ್ಲಿ ಅಕ್ಕನ ಅತ್ತೆ ನಗಲು ಶುರುಮಾಡಿದರು. ಹೊಟ್ಟೆ ಹಿಡಿದುಕೊಂಡು ನಗುತ್ತಾ, ಅವ್ವನನ್ನು ಹತ್ತಿರ ಕರೆದರು.

“ನೀವು ಗುರೆಳ್ಳು ಹಾಕಿದ್ರಿ, ನಾವು ಓಂಕಾಳು ಹಾಕೀವಿ ನೋಡ್ರಿ. ಗಾಳಿ ನಮ್ಮ ಕಡಿಗೂ ಬೀಸ್ತತಿ.”

ಆಮೇಲೆ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಒಬ್ಬರು ಕಾಳುಮೆಣಸಿನ ಪುಡಿ ಹಾಕಿದ್ದರಂತೆ, ಇನ್ನೊಬ್ಬರು ಆ ವರ್ಷ ಸಂಡಿಗೆಯನ್ನೇ ಬಿಟ್ಟಿದ್ದರಂತೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ತುಪ್ಪ ಬಡಿಸುವುದನ್ನು ಮುಂದುವರಿಸಿದಳು. ಮ್ಯಾನೇಜರ್ ನಗಲಿಲ್ಲ. ಎಲೆಯಲ್ಲಿದ್ದ ಸಂಡಿಗೆಯನ್ನು ಪೂರ್ತಿ ತಿಂದರು. ಕೈ ತೊಳೆದ ಮೇಲೆ ಮಾಳಿಗೆ ತೋರಿಸಲು ಕೇಳಿದರು. ನಾನೇ ಕರೆದುಕೊಂಡು ಹೋದೆ. ಅವರು ಕಟ್ಟೆಯ ಮೇಲೆ ಬೆರಳಾಡಿಸಿ, ಅಂಟಿದ ಮಸಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅಪ್ಪನ ಸರದಿಗೆ ಏನೂ ತೊಂದರೆಯಾಗಲಿಲ್ಲ.

ಒಂದು ಮದುವೆ ಊಟದಿಂದ ಎಲ್ಲಾ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮುಂದಿನ ಹಂಗಾಮಿನಲ್ಲೂ ಬೂದಿ ಬಿತ್ತು. ಹೆಂಗಸರು ಚುಕ್ಕೆ ಬಿದ್ದ ಧೋತರಗಳನ್ನು ಹೆಗಲಿಗೆ ಹಾಕಿಕೊಂಡು ಮಿಲ್ಲಿನ ಸಭೆಗೆ ಹೋದರು, ಬುಕ್ಕಸಾಗರದಿಂದ ಅಕ್ಕನ ಅತ್ತೆಯೂ ಬಂದರು. ನಿಧಾನಕ್ಕೆ ಒಂದೊಂದೇ ಆಯಿತು. ಹೊಗೆ ಚಿಮಣಿಗೆ ಏರುವ ಮುಂಚೆ ನೀರು ಚಿಮುಕಿಸಿ ಬೂದಿ ಇಳಿಸುವ ಯಂತ್ರ ಕೂರಿಸಿದರು. ಮಿಲ್ಲಿನಿಂದ ಕಾಲುವೆಗೆ ಹರಿದು ಮೀನು ಕೊಲ್ಲುತ್ತಿದ್ದ ಕೊಳೆನೀರಿಗೆ ಹೊಂಡ ಕಟ್ಟಿ, ತಿಳಿಮಾಡಿ ಬಿಡತೊಡಗಿದರು. ಇಳಿಸಿದ ಬೂದಿಯನ್ನು ಕಬ್ಬಿನ ಹಾಲಿನ ಮಡ್ಡಿಯ ಜೊತೆ ಕೊಳೆಸಿ ಗೊಬ್ಬರ ಮಾಡಿದರು. ಆ ಗೊಬ್ಬರದ ಮೊದಲ ಗಾಡಿ ಹೊಲಕ್ಕೆ ತಂದವನು ನಮ್ಮಪ್ಪನೇ. ಎಮ್ಮೆಯ ಕಾಲು ಕಟ್ಟಿದ್ದಾಯಿತಲ್ಲ ಎಂದು ಅಜ್ಜಿ ತಾನು ಸಾಯುವವರೆಗೂ ಅವನನ್ನು ಕಿಚಾಯಿಸಿದಳು.

ಈಗ ಮಿಲ್ಲು ಇನ್ನೂ ದೊಡ್ಡದಾಗಿದೆ. ಕೆಲವು ಸಂಜೆ, ಸಕ್ಕರೆ ತೆಗೆದು ಉಳಿದ ಕಾಕಂಬಿಯ ಹುಳಿ ವಾಸನೆ ಊರನ್ನು ಇವತ್ತಿಗೂ ಸುತ್ತುತ್ತದೆ. ಕಾಲುವೆಯಲ್ಲಿ ಮೀನು ಮರಳಿವೆ, ಮೊದಲಿನಷ್ಟಿಲ್ಲ. ಗಾಳಿ ಹಸನಾಗುವ ಹೊತ್ತಿಗೆ ಮಾಳಿಗೆಗಳು ಬರಿದಾದವು ಎಂಬುದೇ ನನಗೆ ಬೇಸರ. ಸಂಡಿಗೆ ಅಂಗಡಿಯ ಪಾಕೀಟಿನಲ್ಲಿ ಬರುತ್ತದೆ. ಸೈರನ್ನು ಕೂಗಿದರೆ ತಲೆಯೆತ್ತುವವರಿಲ್ಲ. ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಿದ್ದ ಮಾತಿಲ್ಲ, ಬೈದು ಬಾಯಿಗೆ ಹಾಕಿಕೊಳ್ಳುವ ಅಜ್ಜಿಯಿಲ್ಲ.

ಈ ಬೇಸಿಗೆಯಲ್ಲಿ ಅಕ್ಕನ ಮಗಳಿಗೆ ಮದುವೆ ಗೊತ್ತಾಗಿದೆ. ಅವ್ವನ ಮಾಳಿಗೆಯಲ್ಲೇ ಸಂಡಿಗೆ ಇಡಬೇಕೆಂದು ಅಕ್ಕ ಮಗಳನ್ನು ಕರೆದುಕೊಂಡು ಊರಿಗೆ ಬಂದಳು, ಹೊಸಪೇಟೆಯಿಂದ ನಾನೂ ಹೋದೆ. ಅವ್ವನಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ಕೆಳಗಿನಿಂದಲೇ ಹಿಟ್ಟಿನ ಹದ ಹೇಳಿದಳು. ಮಿಲ್ಲು ಇನ್ನೂ ಓಡುತ್ತಿತ್ತು. ನಾವು ಬಿಳಿ ಧೋತರ ಹಾಸಿ ಸಂಡಿಗೆ ಇಟ್ಟೆವು. ಸಂಜೆಗೆ ನೋಡಿದರೆ ಎರಡೋ ಮೂರೋ ಚುಕ್ಕೆ, ಆರಿಸಿ ತೆಗೆಯುವಷ್ಟೇ. ಮರುದಿನದ ಹಿಟ್ಟಿಗೆ ನಾನು ಡಬ್ಬಿಯಿಂದ ಗುರೆಳ್ಳು ಸುರಿದೆ. ಬೆಳ್ಳಗಿನ ಹಿಟ್ಟನ್ನು ಯಾಕೆ ಕೆಡಿಸುತ್ತೀ ಎಂದು ಹುಡುಗಿ ಕೇಳಿದಳು. ನಾನು ಕಥೆಯೆಲ್ಲ ಹೇಳಿದೆ. ಸಂಜೆ ಅವಳು ಒಣಗಿದ ಒಂದು ಗುರೆಳ್ಳಿನ ಸಂಡಿಗೆಯನ್ನು ಬೆಳಕಿಗೆ ಹಿಡಿದು, ಮೆಟ್ಟಿಲ ಬಳಿ ಬಗ್ಗಿ ಕೂಗಿದಳು.

“ಅಜ್ಜೀ, ಈ ಸಲ ಪೂರ್ತಿ ನಮ್ಮದ ಐತಿ.”

ಕೆಳಗಿನಿಂದ ಅವ್ವ ನಕ್ಕಿದ್ದು ಮಾಳಿಗೆಯವರೆಗೂ ಕೇಳಿಸಿತು.