ಪಟಾಲಮ್ಮ ಉಕ್ಕಿಸದ ಹಾಲು

ರಾಗಿ ಹಿಟ್ಟು ಮಾರುವವನಿಗೆ ಮುದ್ದೆ ಹೋಟೆಲಿನವರ ಜಾತಕವೆಲ್ಲ ಗೊತ್ತಿರುತ್ತದೆ. ಮಧುಗಿರಿ ಬಸ್ ನಿಲ್ದಾಣದ ಹಿಂದೆ ತಿಪ್ಪೇಶ, ಪಟಾಲಮ್ಮ ಎಂಬ ಗಂಡ ಹೆಂಡತಿ ನಡೆಸುತ್ತಿದ್ದ ಮೆಸ್ಸಿಗೆ ಹಿಟ್ಟು ಹೋಗುತ್ತಿದ್ದುದು ನನ್ನ ಅಂಗಡಿಯಿಂದ. ಗಲ್ಲಾದ ಹಿಂದೆ ಕೂತು ಗಿರಾಕಿಗಳ ಜತೆ ಹರಟುವುದು ತಿಪ್ಪೇಶನ ಕಸುಬು. ಉಳಿದ ಸಣ್ಣಪುಟ್ಟ ಕೆಲಸ, ಅಂದರೆ ಅಡುಗೆ, ಪಟಾಲಮ್ಮನದು. ಅವರಿಗೆ ಮಕ್ಕಳಿಲ್ಲ. ಬೆಳಗ್ಗೆ ಒಲೆಗೆ ಅರಿಶಿನ ಕುಂಕುಮ ಇಟ್ಟ ಮೇಲೆಯೇ ಅವಳು ಗಂಡನ ಮುಖ ನೋಡುತ್ತಿದ್ದುದು. "ಇವಳ್ಗೆ ಮೊದ್ಲು ಒಲೆ, ಆಮ್ಯಾಕೆ ನಾನು ಕಣಣ್ಣ" ಎಂದು ತಿಪ್ಪೇಶ ಗೊಣಗುತ್ತಿದ್ದ.

ಅವಳ ತಂಗಿಯ ಮಗಳು ಭವ್ಯ ಡಾಕ್ಟರ್ ಓದಲು ಜಾರ್ಜಿಯಾ ದೇಶಕ್ಕೆ ಹೋಗಿದ್ದಳು. ರಜೆಗೆ ಬಂದವಳು ಮೆಸ್ಸಿನಲ್ಲಿ ಮುದ್ದೆ ನುಂಗುತ್ತ, "ದೊಡ್ಡಮ್ಮ, ನಮ್ ಕಡೆ ಹುಡುಗ್ರು ಅಲ್ಲಿ ಬೇಜಾನ್ ಅವ್ರೆ. ಬ್ರೆಡ್ ತಿಂದೂ ತಿಂದೂ ನಾಲ್ಗೆ ಸತ್ತೋಗೈತೆ" ಎಂದಳು.

"ಅಲ್ಲೊಂದು ಹೋಟ್ಲು ಇಟ್ಬುಡಾನ" ಎಂದು ತಿಪ್ಪೇಶ ನಕ್ಕ. ಪಟಾಲಮ್ಮ ನಗಲಿಲ್ಲ. ತುಮಕೂರು ದಾಟದ ಹೆಂಗಸಿನ ತಲೆಗೆ ಜಾರ್ಜಿಯಾ ಹೊಕ್ಕಿತು. ನೋಡನೋಡುತ್ತ ಮೆಸ್ಸು ಬೇರೆಯವರ ಪಾಲಾಯಿತು, ತಿಪ್ಪೇಶನಿಗೆ ಪಾಸ್‌ಪೋರ್ಟ್ ಬಂತು.

ನಮ್ಮ ಕಡೆ ಹೊಸ ಒಲೆ ಹೊತ್ತಿಸಿ ಹಾಲು ಉಕ್ಕಿಸುವವಳು ಮನೆಯೊಡತಿ. ಉಕ್ಕಿಸಿದವಳದೇ ಒಲೆ. ಪಟಾಲಮ್ಮ ಹಾಕಿದ್ದೂ ಅದೊಂದೇ ಷರತ್ತು. "ಅಂಗ್ಡಿ ನೀನು ಹುಡ್ಕಯ್ಯ, ಬೋರ್ಡು ನೀನು ಬರೆಸು. ಹಾಲು ಮಾತ್ರ ನಾನು ಬಂದು ಉಕ್ಕಿಸ್ತೀನಿ." ಗೊರವನಹಳ್ಳಿಗೆ ಹೋಗಿ ಮಹಾಲಕ್ಷ್ಮಿಗೆ ಕೈಮುಗಿದು, ಹಾಲು ಉಕ್ಕಿಸಲೆಂದು ಅಲ್ಲೇ ಒಂದು ಹಿತ್ತಾಳೆ ಪಾತ್ರೆ ಕೊಂಡು, ಶಿರಾದಲ್ಲಿ ಕಲಾಯಿ ಹಾಕಿಸಿ ಇಟ್ಟುಕೊಂಡಳು.

ತಿಪ್ಪೇಶ ಹೋದ. ಒಬ್ಬ ಮುದುಕಿಯ ಕಟ್ಟಡದಲ್ಲಿ ಜಾಗ ಹಿಡಿದ. 'ಪಟಾಲಮ್ಮ ಮೆಸ್' ಎಂದು ಕನ್ನಡದಲ್ಲೂ ಅವರ ಜಿಲೇಬಿಯಂಥ ಲಿಪಿಯಲ್ಲೂ ಬರೆಸಿ ಫೋಟೊ ಕಳಿಸಿದ. ಆಮೇಲೆ ಗಂಟು ಬಿತ್ತು. ಹೋಟೆಲು ನಡೆಯುತ್ತಿದೆ ಎಂದು ತೋರಿಸಿದರೆ ಮಾತ್ರ ಹೆಂಡತಿಗೆ ವೀಸಾ ಎಂದ ಅವನ ಏಜೆಂಟ್. ಹೆಂಡತಿ ಬಾರದೆ ಒಲೆ ಹೊತ್ತುವಂತಿಲ್ಲ, ಒಲೆ ಹೊತ್ತದೆ ಹೆಂಡತಿ ಹೋಗುವಂತಿಲ್ಲ. ಇಂಥ ಗಂಟು ಹಾಕಲು ನಮ್ಮ ಮಂಡಿ ದಲ್ಲಾಳಿಗಳಿಂದಲೂ ಆಗದು. ಬೀಗ ಹಾಕಿದ ಹೋಟೆಲಿಗೆ ತಿಪ್ಪೇಶ ತಿಂಗಳುಗಟ್ಟಲೆ ಬಾಡಿಗೆ ಕಟ್ಟಿದ.

ಕೊನೆಗೆ ಸೋತವಳು ಪಟಾಲಮ್ಮನೇ. "ನೀನೇ ಉಕ್ಕಿಸ್ಬುಡಯ್ಯ. ನಿನ್ನ ಕೈಯಾದ್ರೇನು, ನನ್ನ ಕೈಯಾದ್ರೇನು. ನಾನು ಫೋನಾಗೆ ನೋಡ್ತೀನಿ" ಎಂದಳು.

ಆ ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ಹೂ ಮುಡಿದು, ನನ್ನ ಅಂಗಡಿಗೆ ಬಂದಳು. ನನ್ನ ಫೋನು ದೊಡ್ಡದು. ಗೋಣಿಚೀಲಕ್ಕೆ ಒರಗಿಸಿ ನಿಲ್ಲಿಸಿದೆ. ಪರದೆಯಲ್ಲಿ ಹೊಳೆಯುವ ಸ್ಟೀಲಿನ ಅಡುಗೆಮನೆ, ಹಲ್ಲುಬಿಟ್ಟ ತಿಪ್ಪೇಶ. ಒಲೆಯ ಮುಂದೆ ತಲೆಗೆ ವಸ್ತ್ರ ಕಟ್ಟಿದ ಬಿಳಿ ಮುದುಕಿ, ಹಣೆಯಲ್ಲಿ ಕಾಸಗಲ ಕುಂಕುಮ. ಅವಳೇ ಒಲೆ ಹಚ್ಚಿದಳು. ಹಾಲು ಉಕ್ಕಿತು. ಹುಡುಗರು ಚಪ್ಪಾಳೆ ತಟ್ಟಿದರು.

"ಹೆಂಗೈತಮ್ಮಿ?" ಎಂದು ತಿಪ್ಪೇಶ ಕೂಗಿದ.

"ಚೆನ್ನಾಗದೆ" ಎಂದಳು. ಫೋನು ಆರಿದ ಮೇಲೆ, "ಯಾರಣ್ಣ ಆಯಮ್ಮ?"

"ಕಟ್ಟಡದ ಓನರು ಇರ್ಬೇಕು ಕಣಮ್ಮ."

"ಅಂಗಾರೆ ಸರಿ ಬುಡು. ಮನೆ ಅವ್ರದೇ ಅಲ್ವ." ಮುಡಿದ ಹೂವನ್ನು ತೆಗೆದು ನನ್ನ ಅಂಗಡಿಯ ಲಕ್ಷ್ಮಿ ಪಟಕ್ಕೆ ಇಟ್ಟು ಹೋದಳು.

ಹೋಟೆಲು ಜೋರಾಗಿ ನಡೆಯಿತು. ವೀಸಾನೂ ಬಂತು. ಪಟಾಲಮ್ಮ ಹೊರಡಲಿಲ್ಲ. ಕರೆದೊಯ್ಯಲು ತಿಪ್ಪೇಶನೇ ಬಂದ, ಪಂಚಾಯ್ತಿ ನನ್ನ ಅಂಗಡಿಯಲ್ಲೇ ಸೇರಿತು.

"ಗಂಡಸು ಹಾಲು ಉಕ್ಕಿಸ್ಬಾರ್ದು ಅಂತ ಆಯಮ್ಮನ ಕೈಲಿ ಮಾಡಿಸ್ದೆ ಕಣಮ್ಮಿ. ನಮ್ ಪದ್ಧತಿನೇ ಅಲ್ವ? ಕುಂಕುಮ ಇಟ್ಟು, ತಲೆವಸ್ತ್ರನೇ ಸೆರಗು ಅಂತ ಅಕ್ಕಿ ಹಾಕಿ..."

"ಮಡಿಲೂ ತುಂಬಿದ್ಯಾ?"

ನಾನು ನಗಿಸಲು ನೋಡಿದೆ. "ಆ ಮುದುಕಿಗೆ ಎಪ್ಪತ್ತು ದಾಟೈತೆ. ಸವತಿ ಆಗೋ ವಯಸ್ಸಲ್ಲ ಬುಡಮ್ಮ."

ಪಟಾಲಮ್ಮ ನಕ್ಕಳು ಕೂಡ. "ಸವತಿ ಆಗಿದ್ರೆ ಜುಟ್ಟು ಹಿಡ್ಕಂಡು ಜಗಳ ಆಡ್ತಿದ್ದೆ ಕಣಣ್ಣ. ಒಲೆ ಜತೆ ಹೆಂಗೆ ಜಗಳ ಆಡಾನ?"

"ಹೋಗಿ ಇನ್ನೊಂದು ಸಲ ಉಕ್ಕಿಸಾನ ನಡಿ. ಒಲೆನೇ ಹೊಸದು ತರ್ತೀನಿ."

"ಹಡೆದ ಮಗಿನ ಇನ್ನೊಂದು ಸಲ ಹಡೆಯಕ್ಕಾಯ್ತದಾ? ಹೋಗಯ್ಯ, ಉಣ್ಣೋ ಹುಡುಗ್ರು ಕಾಯ್ತಾವ್ರೆ."

ಬಾಗಿಲು ಹಾಕಿದ ಹೋಟೆಲನ್ನು ಗಿರಾಕಿ ಮರೆಯುತ್ತಾನೆ ಎಂಬುದು ಅವನಿಗೂ ಗೊತ್ತು. ಒಬ್ಬನೇ ವಾಪಸು ಹೋದ. ಬಸ್ಸು ಕೊರಟಗೆರೆ ದಾರಿಗೆ ತಿರುಗುವವರೆಗೂ ಅವಳು ರಸ್ತೆಯಲ್ಲೇ ನಿಂತಿದ್ದಳು.

ಈಗ ಜಾರ್ಜಿಯಾಕ್ಕೆ ಹಿಟ್ಟು ಹೋಗುವುದೂ ನನ್ನಲ್ಲಿಂದಲೇ. ರಾಗಿ ಕೇರಲು ಅವಳೇ ಬರುತ್ತಾಳೆ. "ಕಲ್ಲು ಸಿಕ್ರೆ ಮಕ್ಳು ನನ್ನ ಹೆಸ್ರಿಗೇ ಬಯ್ತವೆ, ಬೋರ್ಡಾಗೆ ಅದೇ ಅಲ್ವ ಇರೋದು" ಎನ್ನುತ್ತಾಳೆ.

ಹೋದ ಸಲ ಪಾರ್ಸಲ್ ಕಟ್ಟುವಾಗ ಹೊಸ ರವಿಕೆ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಮುಂದಿಟ್ಟಳು. ಬಿಚ್ಚಿದರೆ ಗೊರವನಹಳ್ಳಿಯ ಹಿತ್ತಾಳೆ ಪಾತ್ರೆ.

"ಇದ್ಯಾಕಮ್ಮ?"

"ಆಯಮ್ಮಂಗೆ ಕೊಡಕ್ಕೇಳಣ್ಣ. ಒಲೆ ಇರೋ ತಾವ ಇರ್ಲಿ."

ಪಾರ್ಸಲ್ಲಿಗೆ ತೂಕ ಬೇಕಲ್ಲ, ತಕ್ಕಡಿಗೆ ಇಡಲು ಮಗುಚಿದೆ. ತಳದಲ್ಲಿ ಒಂದು ಚುಕ್ಕೆ ಮಸಿಯೂ ಇರಲಿಲ್ಲ.